ತಗ್ಗಿನ ಗದ್ದೆಯ ಕಳೆ

“ಏ ಮುಂಡೆ, ಇದನ್ನ ಗದ್ದೆ ಅಂತಾರೇನೇ? ಸತ್ತ ನಾಯಿ ಬಿಸಾಕೋ ಜಾಗ ಇದಕ್ಕಿಂತ ಚೆನ್ನಾಗಿರ್ತದೆ.”

ಬದುವಿನ ಮೇಲೆ ನಿಂತು ಹೀಗೆ ಬಾಯಿ ಬಿಟ್ಟವನು ಒಡೆಯರ ಮನೆಯ ಲೆಕ್ಕ ಬರೆಯುವ ರೈಟರು. ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಚ್ಚಿಕೊಂಡೇ ತಿರುಗುತ್ತಿದ್ದುದರಿಂದ ಹೆಂಗಸರು ಅವನ ಬೆನ್ನ ಹಿಂದೆ ಕೊಡೆರಾಯ ಎನ್ನುತ್ತಿದ್ದರು. ಅವನ ಎದುರಿಗಿದ್ದುದು ತಗ್ಗಿನ ಗದ್ದೆ. ಕೊಯ್ಲಾಗಿ ಇಪ್ಪತ್ತು ದಿನವಾಗಿತ್ತು. ಕೂಳೆಗಳ ನಡುವೆ ಅಂಗೈ ಊರಲು ಜಾಗವಿಲ್ಲದಂತೆ ಸೊಪ್ಪು ಎದ್ದಿತ್ತು. ದೊಡ್ಡಕ್ಕ ಅದರ ನಡುವೆ ಕುಕ್ಕುರುಗಾಲಲ್ಲಿ ಕೂತು ಕುಡಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

ಮುಂಡೆ ಎಂದದ್ದು ಅವಳಿಗೆ ಚುಚ್ಚಿತು. ಗಂಡ ಹೋಗಿ ಎರಡು ವರ್ಷ. ಅವನು ಬದುಕಿದ್ದಾಗ ಇದೇ ಕೊಡೆರಾಯ ‘ಏನಮ್ಮ, ಹೇಗಿದ್ದೀಯ’ ಎಂದು ಹಲ್ಲು ಕಿರಿಯುತ್ತಿದ್ದವನು.

“ಸೊಪ್ಪು ಕಾಣಲ್ವಾ ರೈಟರೇ ನಿಮ್ಮ ಕಣ್ಣಿಗೆ?”

“ಸೊಪ್ಪಂತೆ ಸೊಪ್ಪು. ಕಳೆ ಕಣೇ ಅದು. ನಮ್ಮ ಒಡೆಯರ ಗದ್ದೆ ಹೋಗಿ ನೋಡು, ಗುಡಿಸಿದ ಅಂಗಳ ಇದ್ದಂಗಿದೆ. ಗಂಡನ್ನ ತಿಂದ್ಕೊಂಡೆ, ಗದ್ದೆಗೂ ಅದೇ ಗತಿ ಕಾಣಿಸಿದೆ. ಇರು, ವಿಚಾರಣೆ ದಿನ ಗೊತ್ತಾಗ್ತದೆ.”

ಅವನು ಕ್ಯಾಕರಿಸಿ ಗದ್ದೆಗೇ ಉಗಿದು ಹೋದ. ಉಗುಳು ಬಿದ್ದ ಜಾಗದ ಸೊಪ್ಪನ್ನು ದೊಡ್ಡಕ್ಕ ಕಿತ್ತು ಆಚೆ ಎಸೆದಳು. ಅವಳ ಬಾಯಲ್ಲಿ ಬೈಗುಳ ಬೇಕಾದಷ್ಟಿತ್ತು. ಆದರೆ ವಿಚಾರಣೆ ಹತ್ತಿರ ಬಂದಿತ್ತು, ಅದಕ್ಕೇ ನುಂಗಿಕೊಂಡಳು.

ವಿಚಾರಣೆ ಎಂದರೆ ಇಷ್ಟೇ. ತಗ್ಗಿನ ಗದ್ದೆಯನ್ನು ಅವಳ ಗಂಡನ ಅಜ್ಜನ ಕಾಲದಿಂದ ಅವರೇ ಉಳುತ್ತಿದ್ದರು, ಅರ್ಧ ಬೆಳೆ ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಉತ್ತವರ ಹೆಸರಿಗೇ ನೆಲ ಬರೆದುಕೊಡುತ್ತಾರೆ ಎಂದು ಸರ್ಕಾರದವರು ಹೇಳಿದಾಗ ಅವಳ ಗಂಡ ಮೊದಲ ದಿನವೇ ಓಡಿಹೋಗಿ ಅರ್ಜಿ ಹಾಕಿದ್ದ. ಕಾನೂನಿಗೆ ಒಂದೇ ಒಂದು ಬಾಲವಿತ್ತು: ಅರ್ಜಿ ಹಾಕಿದವರು ನಡುವೆ ಉಳುಮೆ ನಿಲ್ಲಿಸಿ ಪಾಳು ಬಿಟ್ಟಿರಬಾರದು. ಬಿಟ್ಟಿದ್ದರೆ ನೆಲ ಒಡೆಯರದೇ. ಗಂಡ ಸತ್ತ ಮೇಲೆ ಗದ್ದೆ ಪಾಳು ಬಿದ್ದಿದೆ ಎಂದು ಒಡೆಯರು ತಕರಾರು ಹಾಕಿದ್ದರು. ಎಲ್ಲಾ ಸುಳ್ಳು. ಎರಡು ವರ್ಷವೂ ದೊಡ್ಡಕ್ಕ ಸೊಸೆಯನ್ನು ಕಟ್ಟಿಕೊಂಡು, ಬೇರೆಯವರ ಎತ್ತು ಕೇಳಿ, ನೇಗಿಲ ಮೇಣಿ ತಾನೇ ಹಿಡಿದು ಉತ್ತಿದ್ದಳು. ಅಂಗೈ ತೋರಿಸಿದರೆ ಸಾಕು ಎಂದುಕೊಂಡಿದ್ದಳು ಪಾಪ.

ಇನ್ನು ಆ ಸೊಪ್ಪಿನ ವಿಷಯ. ಕಳೆ ಕೀಳುವ ಹೆಂಗಸರು ಹನ್ನೆರಡು ಜನ, ಸಾಲಿನ ಬಲತುದಿಗೆ ಯಾವಾಗಲೂ ದೊಡ್ಡಕ್ಕ. ಸಾಲು ಅವಳು ನಡೆದಷ್ಟೇ ನಡೆಯಬೇಕು, ಅವಳು ಕಿತ್ತದ್ದನ್ನೇ ಕೀಳಬೇಕು. ಒಡೆಯರ ಗದ್ದೆಯಲ್ಲಿ ಹಸಿರು ಕಂಡದ್ದೆಲ್ಲ ಕೀಳುತ್ತಿದ್ದರು. ತಗ್ಗಿನ ಗದ್ದೆಯಲ್ಲಿ ಮಾತ್ರ ಆರಿಸಿ ಕೀಳುತ್ತಿದ್ದರು. ಭತ್ತದ ಹೊಟ್ಟೆಗೆ ಕೈ ಹಾಕುವ ಜೇಕು, ಕಳ್ಳಹುಲ್ಲು ಬೇರುಸಮೇತ ಆಚೆ. ಗರಗ, ಹೊನಗೊನ್ನೆ, ಒಂದೆಲಗದ ಪುಟ್ಟ ಸಸಿಗಳನ್ನು ಭತ್ತದ ಬುಡದಲ್ಲಿ ಹಾಗೇ ಬಿಡುತ್ತಿದ್ದರು. ಭತ್ತದ ನೆರಳಲ್ಲಿ ಅವು ಬಡವರ ಮಕ್ಕಳ ಹಾಗೆ ಸದ್ದಿಲ್ಲದೆ ಕೂತಿರುತ್ತಿದ್ದವು. ಕೊಯ್ಲಾಗಿ ಬಿಸಿಲು ಬಿದ್ದದ್ದೇ ತಡ, ಗದ್ದೆ ತುಂಬ ಎದ್ದು ಬಿಡುತ್ತಿದ್ದವು. ಕೊಯ್ಲು ಮುಗಿದ ಮೇಲೆ ಮೂರು ತಿಂಗಳು ಯಾರಿಗೂ ಕೂಲಿ ಇರುವುದಿಲ್ಲ. ಆ ಮೂರು ತಿಂಗಳು ಹನ್ನೆರಡು ಮನೆಯ ಪಾತ್ರೆಯಲ್ಲಿ ಬೇಯುತ್ತಿದ್ದುದು ಅದೇ ಸೊಪ್ಪು. ದೊಡ್ಡಕ್ಕನ ಅತ್ತೆ ಕಲಿಸಿಕೊಟ್ಟ ಕೆಲಸ ಇದು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಹೇಳುತ್ತಿದ್ದಳು, ಯಾವುದು ಯಾವುದೆಂದು.

ಕೊಡೆರಾಯ ಉಗಿದು ಹೋದ ವಾರಕ್ಕೇ ಚೌಕಟ್ಟು ಹುಡುಗಿ ಬಂದಳು.

ದೊಡ್ಡ ಓದು ಓದುವ ಹುಡುಗಿ. ಕೊಯ್ದ ಗದ್ದೆಯಲ್ಲಿ ಏನೇನು ಗಿಡ ಏಳುತ್ತದೆ, ಎಷ್ಟೆಷ್ಟು ಏಳುತ್ತದೆ ಎಂದು ಬರೆದುಕೊಂಡು ಹೋಗುವುದು ಅವಳ ಓದಂತೆ. ಮರದ ಪಟ್ಟಿಯ ಒಂದು ಚೌಕಟ್ಟು ಹಿಡಿದು ಓಡಾಡುತ್ತಿದ್ದಳು. ಅದನ್ನು ಗದ್ದೆಗೆ ಎಸೆಯುವುದು, ಅದರೊಳಗೆ ಸಿಕ್ಕ ಗಿಡವನ್ನೆಲ್ಲ ಎಣಿಸುವುದು, ಮತ್ತೆ ಎಸೆಯುವುದು. ಮೊದಲ ದಿನ ಹೆಂಗಸರು ಬಿದ್ದು ಬಿದ್ದು ನಕ್ಕರು.

“ಇದನ್ನ ಓದೋಕೆ ಅಷ್ಟು ದೂರದಿಂದ ಬಂದ್ಯೇನವ್ವಾ? ನಾವು ಇದರಲ್ಲೇ ಮುದುಕಿಯರಾದ್ವಿ, ನಮಗೊಂದು ಪದವಿ ಕೊಡಿಸು,” ಎಂದಳು ಕುಳ್ಳಿ. ಸಾಲಿನಲ್ಲಿ ದೊಡ್ಡಕ್ಕನ ಪಕ್ಕದವಳು ಅವಳು, ಆಳು ಗಿಡ್ಡ, ನಾಲಿಗೆ ಉದ್ದ.

ಹುಡುಗಿಗೆ ಗಿಡದ ಹೆಸರು ಪುಸ್ತಕದಲ್ಲಿ ಗೊತ್ತಿತ್ತೇ ಹೊರತು ಗದ್ದೆಯಲ್ಲಿ ಗೊತ್ತಿರಲಿಲ್ಲ. ಹೂ ಬಿಡುವ ತನಕ ಅವಳಿಗೆ ಎಲ್ಲವೂ ಒಂದೇ. ದೊಡ್ಡಕ್ಕ ಎರಡೆಲೆಯ ಸಸಿಯನ್ನೇ ಹಿಡಿದು ಹೆಸರು ಹೇಳುತ್ತಿದ್ದಳು. ಹುಡುಗಿ ಬೆರಗಾಗಿ ಬರೆದುಕೊಳ್ಳುತ್ತಿದ್ದಳು. ನಾಲ್ಕನೇ ದಿನದಿಂದ ‘ಅಮ್ಮ’ ಎನ್ನತೊಡಗಿದಳು. ಹೆಣ್ಣು ಮಗುವಿಲ್ಲದ ದೊಡ್ಡಕ್ಕ ಆ ಒಂದು ಮಾತಿಗೇ ಕರಗಿ ನೀರಾದಳು. ಮಧ್ಯಾಹ್ನ ಮನೆಗೆ ಕರೆದು, ಸೊಪ್ಪು ಬೇಯಿಸಿ, ಇದ್ದ ಒಂದೇ ಪಿಂಗಾಣಿ ತಟ್ಟೆಯಲ್ಲಿ ಬಡಿಸಿದಳು. ಮಗ ಲಾರಿಯ ಮೇಲೆ ಊರೂರು ಸುತ್ತುವವನು, ಮನೆಗೆ ಬಂದಾಗ ಅವನಿಗೂ ಆ ತಟ್ಟೆ ಸಿಗುತ್ತಿರಲಿಲ್ಲ.

“ಈ ಸೊಪ್ಪೆಲ್ಲ ತಾನಾಗೇ ಬರೋದಲ್ಲ ಮಗಾ. ನಾವು ಬಿಟ್ಟಿದ್ದಕ್ಕೆ ಬರೋದು. ಬೇಡದ್ದು ತೆಗೀತೀವಿ, ಬೇಕಾದ್ದು ಇಟ್ಕೋತೀವಿ.”

“ಎಷ್ಟು ಚೆನ್ನಾಗಿದೆ ಅಮ್ಮ. ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ,” ಎಂದು ಹುಡುಗಿ ಇನ್ನೊಂದು ತುತ್ತು ಹಾಕಿಸಿಕೊಂಡಳು.

ಸೊಸೆಗೆ ಅವಳು ಹಿಡಿಸಲಿಲ್ಲ. “ಒಡೆಯರ ಮನೆ ಹಿಂದಿನ ರೂಮಲ್ಲಿ ಇಳ್ಕೊಂಡಿದ್ದಾಳೆ ಅತ್ತೆ. ಅವರ ಕಾರಲ್ಲೇ ಬಸ್ಸಿಗೆ ಹೋಗ್ತಾಳೆ. ಬಾಯಿಗೆ ಬಂದಿದ್ದೆಲ್ಲ ಹೇಳ್ಬೇಡಿ.”

“ಗಿಡದ ಹೆಸರು ಹೇಳಿದ್ರೆ ಏನೇ ಗಂಟು ಹೋಗ್ತದೆ?” ಎಂದು ದೊಡ್ಡಕ್ಕ ಅವಳ ಬಾಯಿ ಮುಚ್ಚಿಸಿದಳು.

ಹೋಗುವ ಹಿಂದಿನ ದಿನ ಹುಡುಗಿ ಒಂದು ಹಾಳೆ ತಂದಳು. ಗಿಡಗಳ ಪಟ್ಟಿ, ಪಕ್ಕದಲ್ಲಿ ಅಂಕಿ. ಕೆಳಗೆ ದೊಡ್ಡಕ್ಕನ ಹೆಸರು. “ಹೇಳಿಕೊಟ್ಟಿದ್ದು ನೀವು ಅಂತ ಗೊತ್ತಾಗ್ಬೇಕಲ್ಲ ಅಮ್ಮ, ಇಲ್ಲಿ ಒತ್ತಿ,” ಎಂದಳು. ದೊಡ್ಡಕ್ಕ ಸೀರೆಗೆ ಬೆರಳು ಒರೆಸಿಕೊಂಡು, ಎಲ್ಲಿ ಮಸಿ ಕಲಸಿಹೋಗುತ್ತದೋ ಎಂದು ಉಸಿರು ಬಿಗಿಹಿಡಿದು ಹೆಬ್ಬೆಟ್ಟು ಒತ್ತಿದಳು. ಆವತ್ತೆಲ್ಲ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದ ಮೇಜು, ಮೇಲೆ ಒಡೆದ ಗಾಜು. ಗಾಜಿನ ಕೆಳಗೆ ಯಾರದೋ ಹಳೆಯ ಕ್ಯಾಲೆಂಡರಿನ ಹಾಳೆ. ವಿಚಾರಣೆ ಮಾಡುವ ಸಾಹೇಬರ ಎಡಗಡೆ ಕುರ್ಚಿಯಲ್ಲಿ ಒಡೆಯರು, ಅವರ ಹಿಂದೆ ಕೊಡೆ ಮಡಚಿಕೊಂಡ ಕೊಡೆರಾಯ. ದೊಡ್ಡಕ್ಕ ನಿಂತೇ ಇದ್ದಳು. ಗೋಡೆಗೆ ಒಂದು ಬೆಂಚಿತ್ತು, ಅವಳು ಕೂರಹೋದಾಗ ಜವಾನ ಬೆರಳಲ್ಲೇ ಬೇಡ ಎಂದಿದ್ದ.

ಬಾಗಿಲಲ್ಲಿ ಚೌಕಟ್ಟು ಹುಡುಗಿಯನ್ನು ಕಂಡಾಗ ದೊಡ್ಡಕ್ಕನಿಗೆ ಹೋದ ಜೀವ ಬಂದಂತಾಯಿತು. ತನ್ನ ಪರ ಹೇಳುವುದಕ್ಕೆ ಅಷ್ಟು ದೂರದಿಂದ ಬಂದಿದ್ದಾಳೆ ಮಗಳು ಎಂದುಕೊಂಡಳು. ನಗಲು ಹೋದಳು. ಹುಡುಗಿ ಚೀಲದೊಳಗೆ ಏನೋ ಹುಡುಕಿಕೊಂಡು ಹೋಗಿ ಕೊಡೆರಾಯ ಎಳೆದುಕೊಟ್ಟ ಕುರ್ಚಿಯಲ್ಲಿ ಕೂತಳು.

ಸಾಹೇಬರು ಒಂದು ಕಾಗದ ಎತ್ತಿದರು. ಕಾಲೇಜಿನ ಸೀಲು ಬಿದ್ದ ಕಾಗದ.

“ಈ ಪಟ್ಟಿ ಮಾಡಿಸಿದ್ದು ನೀನೇನಾ?”

“ಹೌದು ಸ್ವಾಮಿ. ಒಂದೊಂದು ಗಿಡಾನೂ ನಾನೇ ಹೇಳಿದ್ದು.” ಅವಳ ಮಾತಿನಲ್ಲಿ ಜಂಬವೇ ಇತ್ತು.

“ಹೆಬ್ಬೆಟ್ಟು ನಿಂದೇನಾ?”

“ನಂದೇ.”

“ಇದರ ಪ್ರಕಾರ ಈ ಒಡೆಯರ ಗದ್ದೇಲಿ ಒಂದು ಚೌಕಕ್ಕೆ ಆರು ಏಳು ಗಿಡ. ನಿನ್ನ ಗದ್ದೇಲಿ ತೊಂಬತ್ತು. ಇಷ್ಟು ಕಳೆ ಇರೋ ನೆಲಾನ ನೀನು ಉತ್ತು ಬೆಳೆದಿದ್ದೀಯ ಅಂತ ನಾನು ನಂಬಬೇಕಾ?”

ದೊಡ್ಡಕ್ಕ ಮೇಜಿನ ಹತ್ತಿರಕ್ಕೆ ಸರಿದಳು. ಇವರಿಗೆ ಗೊತ್ತಿಲ್ಲ, ಅಷ್ಟೇ, ಹೇಳಿದರೆ ಗೊತ್ತಾಗುತ್ತದೆ ಎಂದುಕೊಂಡಳು.

“ಅದು ಬೇಕು ಅಂತಾನೇ ಬಿಟ್ಟಿದ್ದು ಸ್ವಾಮಿ, ತಿನ್ನೋ ಸೊಪ್ಪು. ನೆಲ ಪಾಳು ಬಿದ್ರೆ ಗರಗ ಬರೋದಿಲ್ಲ, ಎಕ್ಕ ಬರ್ತದೆ, ಮುಳ್ಳು ಬರ್ತದೆ. ಗರಗ ಬರ್ಬೇಕು ಅಂದ್ರೆ ನೀರು ನಿಲ್ಲಿಸ್ಬೇಕು, ಕೆಸರು ತುಳೀಬೇಕು, ನಾಟಿ ಮಾಡ್ಬೇಕು. ಆ ಗರಗಾನೇ ಸಾಕ್ಷಿ, ನಾನು ಉತ್ತಿದ್ದಕ್ಕೆ.”

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. “ಬರ್ಕೊಳ್ಳಿ. ಕಳೆಯನ್ನು ತೆಗೆಯದೆ ಬಿಟ್ಟಿರುವುದಾಗಿ ಅರ್ಜಿದಾರಳೇ ಒಪ್ಪಿಕೊಂಡಿದ್ದಾಳೆ.”

“ಅಯ್ಯೋ ಸ್ವಾಮಿ, ಪೂರ್ತಿ ಬರ್ಸಿ. ಹೇಳಮ್ಮ ಮಗಾ, ನೀನೇ ಹೇಳು. ನಮ್ಮನೇಲಿ ಕೂತು ಉಂಡ್ಕೊಂಡು ಕೇಳಿದ್ಯಲ್ಲ.”

ಕೋಣೆಯಲ್ಲಿ ಎಲ್ಲರೂ ಹುಡುಗಿಯನ್ನು ನೋಡಿದರು. ಒಡೆಯರೂ ನೋಡಿದರು. ಅದುವರೆಗೆ ಬಾಯಿಯೇ ತೆರೆಯದಿದ್ದ ಅವರು ಹುಡುಗಿಯ ಕಡೆ ಸ್ವಲ್ಪ ತಲೆ ಬಾಗಿಸಿ, ಹೇಳಮ್ಮ ಹೇಳು, ಎಂಬಂತೆ ನಕ್ಕರು.

“ಗಿಡ ಎಷ್ಟಿದೆ ಅನ್ನೋದಷ್ಟೇ ನನ್ನ ಅಧ್ಯಯನ ಸರ್,” ಎಂದಳು ಹುಡುಗಿ, ಗಾಜಿನ ಕೆಳಗಿನ ಕ್ಯಾಲೆಂಡರನ್ನೇ ನೋಡುತ್ತ. “ಯಾಕೆ ಇದೆ, ಯಾರು ಬಿಟ್ಟಿದ್ದು ಅನ್ನೋದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ.”

ಅಷ್ಟೇ. ಮೂರು ತಲೆಮಾರು ಉತ್ತ ನೆಲ ಅಷ್ಟರಲ್ಲಿ ಹೋಯಿತು. ದೊಡ್ಡಕ್ಕ ಎರಡು ಅಂಗೈಯನ್ನೂ ಮುಂದೆ ಚಾಚಿ, “ಇದನ್ನಾದ್ರೂ ನೋಡಿ ಸ್ವಾಮಿ,” ಎಂದಳು. ಸಾಹೇಬರು ಮುಂದಿನ ಕಡತದ ದಾರ ಬಿಚ್ಚುತ್ತಿದ್ದರು. ಜವಾನ ಅವಳ ಹೆಗಲು ಹಿಡಿದು ಬಾಗಿಲ ಕಡೆ ತಿರುಗಿಸಿದ.

ಹೊರಗೆ ಕೊಳಾಯಿಯ ಹತ್ತಿರ ಹುಡುಗಿ ಓಡಿ ಬಂದು ಅವಳ ಕೈ ಹಿಡಿದಳು. ಕಣ್ಣಲ್ಲಿ ನೀರಿತ್ತು.

“ಅಮ್ಮ, ಅವರು ಆ ಹಾಳೆಯ ಪ್ರತಿ ಕೇಳಿದಾಗ ಯಾಕೆ ಅಂತ ನಂಗೆ ಗೊತ್ತಿರ್ಲಿಲ್ಲ.”

“ಗೊತ್ತಾದ ಮೇಲೆ?”

ಹುಡುಗಿ ಕೊಳಾಯಿಯ ಕಡೆ ಮುಖ ತಿರುಗಿಸಿದಳು.

“ಒಳಗೆ ಕೂತಾಗ ಗೊತ್ತಿತ್ತಲ್ಲ. ಒಂದು ಮಾತು. ಈ ಮುದುಕಿ ಹೇಳಿದ್ದು ನಿಜ ಅನ್ನೋಕೆ ನಾಲಿಗೆ ಬಿದ್ದೋಗಿತ್ತಾ?”

“ಇನ್ನೂ ಎರಡು ವರ್ಷ ನಾನು ಅವರ ಗದ್ದೆಗೇ ಬರ್ಬೇಕಮ್ಮ. ಅವರು ಬೇಡ ಅಂದ್ರೆ ನನ್ನ ಓದು ನಿಂತೋಗ್ತದೆ.”

ದೊಡ್ಡಕ್ಕನಿಗೆ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೈ ಬಿಡಿಸಿಕೊಂಡು, “ನನ್ನನ್ನ ಅಮ್ಮ ಅನ್ಬೇಡ,” ಎಂದಷ್ಟೇ ಹೇಳಿ ನಡೆದಳು. ದಾರಿಯುದ್ದಕ್ಕೂ ಅವಳನ್ನು ಸುಟ್ಟದ್ದು ಒಡೆಯರ ಮೇಲಿನ ಸಿಟ್ಟಲ್ಲ. ಅವರು ಯಾವಾಗ ತಾನೇ ಒಳ್ಳೆಯವರಾಗಿದ್ದರು? ತಾನು ಮಗಾ ಎಂದು ತಟ್ಟೆ ತೊಳೆದಿಟ್ಟು ಉಣಿಸಿದ ಹುಡುಗಿಯೇ ತನ್ನ ಕತ್ತು ಹಿಡಿದಳಲ್ಲ ಎಂಬುದು. ಅವಳೇ ಹೇಳಿಕೊಟ್ಟ ಒಂದೊಂದು ಹೆಸರೂ ಅವಳ ಮೇಲೇ ಸಾಕ್ಷಿ ನುಡಿದಿತ್ತು.

ಕೇರಿಯಲ್ಲೂ ಸುಖವಿರಲಿಲ್ಲ. ಆರ್ಡರು ಬಂದ ಮೂರನೇ ದಿನ ಟ್ರ್ಯಾಕ್ಟರು ಬಂದು ತಗ್ಗಿನ ಗದ್ದೆಗೆ ಕಳೆ ಸಾಯಿಸುವ ಔಷಧಿ ಹೊಡೆಯಿತು. ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು. ಎರಡು ದಿನಕ್ಕೆ ಗರಗ, ಹೊನಗೊನ್ನೆ ಎಲ್ಲ ಬೆಂಕಿ ಬಿದ್ದಂತೆ ಕೆಂಪಾಗಿ ನೆಲ ಕಚ್ಚಿತು. ಕೂಲಿಯಿಲ್ಲದ ತಿಂಗಳು ಇನ್ನೂ ಒಂದು ಪೂರ್ತಿ ಬಾಕಿಯಿತ್ತು.

“ನಮ್ಮ ಹೊಟ್ಟೆ ವಿಷಯಾನೆಲ್ಲ ಆ ಹುಡುಗಿ ಮುಂದೆ ಬಿಚ್ಚಿಟ್ಟಿದ್ದು ನೀನೇ ಅಲ್ವಾ ಅಕ್ಕ,” ಎಂದಳು ಕುಳ್ಳಿ. “ನಿನಗೆ ಪುಸ್ತಕದಲ್ಲಿ ಹೆಸರು ಬಂತು. ನಮಗೇನು ಬಂತು? ಖಾಲಿ ಪಾತ್ರೆ.”

ಆ ತಿಂಗಳು ದೊಡ್ಡಕ್ಕ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಸೊಸೆ ಒಂದು ದಿನವೂ ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮಳೆ ಬಂತು. ಒಡೆಯರು ಈ ಸಲ ನಾಟಿ ಮಾಡಿಸಲಿಲ್ಲ. ಆಳಿನ ಗೋಳೇ ಬೇಡ ಎಂದು ಎಲ್ಲ ಗದ್ದೆಗೂ ಮೆಷಿನ್ನಿನಲ್ಲೇ ಬೀಜ ಬಿತ್ತಿಸಿದರು, ತಗ್ಗಿನ ಗದ್ದೆಗೂ. ಬಿತ್ತಿದ ಬೀಜದಲ್ಲಿ ಏನು ಬೆರೆತಿತ್ತೋ, ಟ್ರ್ಯಾಕ್ಟರಿನ ಗಾಲಿಗೆ ಎಲ್ಲೆಲ್ಲಿಯ ಮಣ್ಣು ಅಂಟಿತ್ತೋ, ತಿಂಗಳು ತುಂಬುವುದರೊಳಗೆ ಭತ್ತದಷ್ಟೇ ಕಳ್ಳಹುಲ್ಲು ಎದ್ದಿತು. ಔಷಧಿ ಹೊಡೆಸಿದರು. ಸೊಪ್ಪನ್ನು ಸುಟ್ಟ ಔಷಧಿಗೆ ಕಳ್ಳಹುಲ್ಲು ಕ್ಯಾರೇ ಅನ್ನಲಿಲ್ಲ. ಅದು ಭತ್ತದ ಅಣ್ಣತಮ್ಮನಂತೆ ಇರುವ ಹುಲ್ಲು. ಅದೇ ಎತ್ತರ, ಅದೇ ಹಸಿರು. ತೆನೆ ಬರುವ ತನಕ ಬದುವಿನ ಮೇಲೆ ನಿಂತವರ ಅಪ್ಪನಿಗೂ ಗುರುತು ಸಿಗುವುದಿಲ್ಲ. ಗುರುತಿರುವುದು ಎಲೆ ಕಾಂಡಕ್ಕೆ ಕೂಡುವ ಸಂದಿಯಲ್ಲಿ. ಭತ್ತಕ್ಕೆ ಅಲ್ಲಿ ಕಿವಿಯಂಥ ಪುಟ್ಟ ಅಂಚು, ಒಂದಿಷ್ಟು ರೋಮ. ಕಳ್ಳಹುಲ್ಲಿಗೆ ಅಲ್ಲಿ ಏನೂ ಇಲ್ಲ, ಬರೀ ನುಣುಪು. ಅದು ಹನ್ನೆರಡು ಹೆಂಗಸರ ಬೆರಳಿಗೆ ಬಿಟ್ಟರೆ ಆ ಸೀಮೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ಕೊಡೆರಾಯ ಬಾಗಿಲಿಗೇ ಬಂದ. “ಏನಮ್ಮ, ಹೇಗಿದ್ದೀಯ?” ಮಾತು ಮತ್ತೆ ಮೆತ್ತಗಾಗಿತ್ತು. “ನಿನ್ನ ಸಾಲು ಕರ್ಕೊಂಡು ನಾಳೆ ಬಾ. ತಗ್ಗಿನ ಗದ್ದೆಯಿಂದಾನೇ ಶುರು ಮಾಡು. ನೀನು ಕಂಡಿರೋ ನೆಲ, ಬೇಗ ಮುಗೀತದೆ.”

ಅವನು ಹೋದ ಮೇಲೆ ಸೊಸೆ ಕೈಲಿದ್ದ ಪಾತ್ರೆ ಕುಕ್ಕಿದಳು. “ನಮ್ಮ ಗದ್ದೆಗೆ ನಾವೇ ಕೂಲಿಗೆ ಹೋಗೋದಾ ಅತ್ತೆ? ಉಪವಾಸ ಸಾಯೋಣ.”

“ಸಾಯೋದು ಯಾಕೆ? ಹೋಗ್ತೀನಿ,” ಎಂದಳು ದೊಡ್ಡಕ್ಕ.

ಬೆಳಿಗ್ಗೆ ಹನ್ನೆರಡು ಜನ ಸಾಲು ಕಟ್ಟಿದರು. ಬಲತುದಿಗೆ ದೊಡ್ಡಕ್ಕ, ಅವಳ ಪಕ್ಕ ಕುಳ್ಳಿ, ಮುಖ ಗಂಟಿಕ್ಕಿಕೊಂಡು. ಕೊಡೆರಾಯ ಬದುವಿನ ಮೇಲೆ ಸ್ಟೂಲು ಹಾಕಿಸಿಕೊಂಡು ಕೂತ. ಕೆಸರು ಪಾದಕ್ಕೆ ತಣ್ಣಗೆ ಹತ್ತಿತು. ಈ ಕೆಸರನ್ನು ಮದುವೆಯಾಗಿ ಬಂದ ವರ್ಷ ಮೊದಲು ತುಳಿದಿದ್ದಳು ಅವಳು. ಗಂಡ ಕಟ್ಟಿದ ಬದು ಅದು, ಈಗ ಅದರ ಮೇಲೆ ಇವನ ಸ್ಟೂಲು.

ದೊಡ್ಡಕ್ಕ ಬಗ್ಗಿ ಬುಡಕ್ಕೆ ಕೈ ಹಾಕಿದಳು. ಬೆರಳು ಸಂದಿಯನ್ನು ಸವರಿತು. ಕಿವಿ, ರೋಮ. ಭತ್ತ. ಅವಳ ಕೈ ಒಂದು ಗಳಿಗೆ ಹಾಗೇ ನಿಂತಿತು. ಹುಟ್ಟಿದ ಮೇಲೆ ಒಂದೇ ಒಂದು ಭತ್ತದ ಬುಡವನ್ನೂ ತಪ್ಪಿ ಕಿತ್ತ ಕೈಯಲ್ಲ ಅದು. ಕೈ ಒಲ್ಲೆ ಎಂದಿತು. ಅವಳು ಹಲ್ಲು ಕಚ್ಚಿ ಕಿತ್ತಳು.

ಪಕ್ಕದ ಬುಡ ನುಣುಪಾಗಿತ್ತು. ಅದನ್ನು ಬಿಟ್ಟಳು. ಮುಂದಿನದು ಕಿತ್ತಳು.

ಕುಳ್ಳಿ ತಲೆಯೆತ್ತದೆ ಪಿಸುಗುಟ್ಟಿದಳು, “ಅಕ್ಕ, ಅದು ಭತ್ತ.”

“ಗೊತ್ತು.”

“ತೆನೆ ಬಂದಾಗ ಅವರಿಗೂ ಗೊತ್ತಾಗ್ತದೆ.”

“ಗೊತ್ತಾಗ್ಲಿ ಅಂತಾನೇ.”

ಆಮೇಲೆ ಕುಳ್ಳಿಯ ಕೈಯೂ ಒಂದು ಬುಡ ಸವರಿ, ನೋಡಿ, ಭತ್ತವನ್ನೇ ಕಿತ್ತಿತು. ಅವಳ ಪಕ್ಕದವಳು ಅದನ್ನು ಕಂಡಳು. ಅವಳ ಪಕ್ಕದವಳೂ ಕಂಡಳು. ಸಾಲು ದೊಡ್ಡಕ್ಕ ಕಿತ್ತದ್ದನ್ನೇ ಕೀಳಬೇಕು. ಎಡತುದಿಯವಳು ಮಾತ್ರ ಮೂಗು ಎಳೆದುಕೊಂಡು ಅಳುತ್ತ ಕಿತ್ತಳು, ಅನ್ನ ಕೀಳುವುದು ಸುಲಭವಲ್ಲ.

ಸಂಜೆಗೆ ಮುಂಚೆ ಗದ್ದೆ ಮುಗಿಯಿತು. ಬದುವಿನುದ್ದಕ್ಕೂ ಎಳೆ ಭತ್ತದ ರಾಶಿ. ಗದ್ದೆಯಲ್ಲಿ ಕಳ್ಳಹುಲ್ಲು ಗಾಳಿ ಸಿಕ್ಕ ಖುಷಿಯಲ್ಲಿ ಸೊಂಪಾಗಿ ನಿಂತಿತ್ತು. ಕೊಡೆರಾಯ ಎದ್ದು, ರಾಶಿಯನ್ನು ಕಾಲಲ್ಲಿ ಒದ್ದು, ಗದ್ದೆಯ ಮೇಲೆ ಕಣ್ಣಾಡಿಸಿದ.

“ಹಿಂಗಿರ್ಬೇಕು ಕೆಲಸ. ಎಷ್ಟು ಚೊಕ್ಕ ಮಾಡಿದ್ದೀರಿ ನೋಡು. ನಾಳೆಯಿಂದ ಮೇಲಿನ ಗದ್ದೆಗಳು.”

“ಮೇಲಿಂದೆಲ್ಲ ಸೇರಿ ಎಷ್ಟು ಎಕರೆ ಆಗ್ತದೆ ರೈಟರೇ?”

“ನಲವತ್ತು.”

ದೊಡ್ಡಕ್ಕ ಕೆಸರುಗೈಯನ್ನು ಕಾಲುವೆಯಲ್ಲಿ ಅದ್ದಿ ತೊಳೆದಳು. ಉಗುರಿನ ಸಂದಿಯ ಹಸಿರನ್ನು ನಿಧಾನವಾಗಿ ತೆಗೆದಳು.

“ಅಷ್ಟಕ್ಕೆ ಹನ್ನೆರಡು ಜನ ಸಾಲಲ್ಲ,” ಎಂದಳು. “ಇನ್ನೂ ಹನ್ನೆರಡು ಜನಾನ ಕರ್ಕೊಂಡು ಬರ್ತೀನಿ.”